ಓರೆಯಾಗಿ ಮುಚ್ಚಿದ ಬಕೆಟ್ಟು

ಬಾಗಿಲು ತೆರೆದ ಕೂಡಲೇ ಮುಖಕ್ಕೆ ರಾಚಿದ್ದು ವಾಸನೆ. ಹೊರಗೆ ಮೇರಿಲ್ಯಾಂಡಿನ ರಾಕ್‌ವಿಲ್ಲಿನ ಜನವರಿ, ಮೊಣಕಾಲುದ್ದ ಹಿಮ, ಉಸಿರೆಳೆದರೆ ಮೂಗಿನೊಳಗೆ ಏನೋ ಮುರಿದಂತಾಗುವ ಚಳಿ. ಒಳಗೆ ಯಾರೋ ರಾಗಿ ಗಂಜಿಯ ತಳ ಹಿಡಿಸಿ, ಅದಕ್ಕೆ ಕಿತ್ತಳೆ ಸಿಪ್ಪೆ, ಹಸಿ ಹುಲ್ಲು, ಬೇವಿನ ಸೊಪ್ಪು ಹಾಕಿ ಮತ್ತೆ ಕುದಿಸುತ್ತಿರುವಂತಿತ್ತು. ಪಾಪ, ಯಾರಿಗೋ ಕಾಯಿಲೆ, ಕಷಾಯ ಕಾಯಿಸುತ್ತಿದ್ದಾರೆ ಎಂದುಕೊಂಡೆ. ಅಮೆರಿಕದಲ್ಲಿ ನಾನು ದಂಡ ಮಾಡಿದ ಮೊದಲ ಕರುಣೆ ಅದು.

ಮನೆಯ ಮಾಲೀಕ ಡೇಲ್ ಅಡುಗೆಮನೆಯಲ್ಲಿ ನಿಂತು, ನಮ್ಮ ಮದುವೆಮನೆಯ ಸಾರಿನ ಹಂಡೆಯಂಥ ಪಾತ್ರೆಯಲ್ಲಿ ಉದ್ದನೆಯ ಸೌಟು ಆಡಿಸುತ್ತಿದ್ದ. ಅರವತ್ತು ದಾಟಿದವನು, ಸರ್ಕಾರಿ ಕಚೇರಿಯಿಂದ ನಿವೃತ್ತನಾದವನು, ಹೆಂಡತಿ ತೀರಿಕೊಂಡು ಒಬ್ಬನೇ ಇದ್ದವನು. ಸೌಟು ನಿಲ್ಲಿಸದೆಯೇ ನನ್ನತ್ತ ನೋಡಿದ.

"ಇಂಡಿಯಾ ಪೇಲ್ ಏಲ್. ನಿಂಗೆ ಗೊತ್ತಿರ್ಬೇಕಲ್ಲ, ನಿಮ್ಮ ದೇಶದ್ದೇ."

ಅವನ ಇಂಗ್ಲಿಷನ್ನು ಕನ್ನಡದಲ್ಲಿ ಹೇಳುವಾಗ ನೀನು ಎನ್ನಬೇಕೋ ನೀವು ಎನ್ನಬೇಕೋ ಎಂದು ನೀವು ಕೇಳಬಹುದು. ಅವನು ನನಗೆ ಯಾವತ್ತೂ ನೀವು ಎಂದಂತೆ ಕೇಳಿಸಲಿಲ್ಲ. ಆದ್ದರಿಂದ ನೀನು ಎಂದೇ ಇರಲಿ. ನಾನೂ ಅವನನ್ನು ಹಾಗೇ ಮಾತಾಡಿಸುತ್ತೇನೆ.

ನಮ್ಮ ದೇಶದ್ದಂತೆ! ಹಾಸನದಲ್ಲಿ ಬಿಯರ್ ಎಂದರೆ ಬಸ್ ನಿಲ್ದಾಣದ ಹಿಂದಿನ ವೈನ್ ಸ್ಟೋರಿನಲ್ಲಿ ಸಾಲಾಗಿ ನಿಂತ ಬಾಟಲಿಗಳು. ಆ ಅಂಗಡಿ ಬಂದರೆ ನಾವು ಹೆಂಗಸರು ರಸ್ತೆಯ ಆಚೆ ಬದಿಗೆ ದಾಟುತ್ತಿದ್ದೆವು. ಏಲ್ ಎಂಬುದು ಬಿಯರಿನ ಒಂದು ಬಗೆ. ಇವನು ಮಾಡುತ್ತಿದ್ದದ್ದು ಅದರಲ್ಲೂ ಕಡುಕಹಿಯ, ತಲೆಗೆ ಬೇಗ ಏರುವ ಬಗೆ. ಇಂಡಿಯಾದಲ್ಲಿದ್ದ ಇಂಗ್ಲಿಷರಿಗಾಗಿ ಇಂಗ್ಲೆಂಡಿನಿಂದ ಹಡಗಿನಲ್ಲಿ ಕಳಿಸುತ್ತಿದ್ದರಂತೆ, ಅದಕ್ಕೇ ಆ ಹೆಸರು. ಮಾಡಿದವರು ಅವರು, ಕುಡಿದವರು ಅವರು. ನಮ್ಮ ಪಾಲಿಗೆ ಬಂದದ್ದು ಹೆಸರು ಮಾತ್ರ. ಅದನ್ನೂ ಕೇಳಿ ಇಟ್ಟಿರಲಿಲ್ಲ.

ಆ ಮನೆಯ ನೆಲಮಾಳಿಗೆಯ ಕೋಣೆಗೆ ನಾನು ಬಾಡಿಗೆಗೆ ಬಂದಿದ್ದೆ. ಇಲ್ಲಿ ಅದನ್ನು ಬೇಸ್‌ಮೆಂಟ್ ಎನ್ನುತ್ತಾರೆ. ನಾವು ಅಕ್ಕಿಮೂಟೆ ಇಡಲು ಯೋಚಿಸುವ ಜಾಗದಲ್ಲಿ ಇವರು ಮನುಷ್ಯರನ್ನು ಇಡುತ್ತಾರೆ. ಅಪಾರ್ಟ್‌ಮೆಂಟಿನವರು ನನ್ನನ್ನು ಬಾಗಿಲಲ್ಲೇ ತಿರುಗಿಸಿ ಕಳಿಸಿದ್ದರು. ಕ್ರೆಡಿಟ್ ಹಿಸ್ಟರಿ ಬೇಕಂತೆ, ಅಂದರೆ ಸಾಲ ಮಾಡಿ ತೀರಿಸಿದ ಚರಿತ್ರೆ. ಊರಿನಲ್ಲಿ ಸಾಲ ಮಾಡದ ಹೆಂಗಸು ಮರ್ಯಾದಸ್ಥೆ. ಇಲ್ಲಿ ಅವಳ ಮೇಲೆ ಅನುಮಾನ.

ಡೇಲ್‌ನ ಕೋಣೆ ಬಿಟ್ಟರೆ ನನಗೆ ಉಳಿದಿದ್ದ ಜಾಗ ಒಂದೇ: ವಿಮಲಾ ಆಂಟಿಯ ಬೇಸ್‌ಮೆಂಟು. ಎಲಿಕಾಟ್ ಸಿಟಿಯಲ್ಲಿ ಡಾಕ್ಟರ ಹೆಂಡತಿಯಾಗಿ ದಶಕಗಳಿಂದ ನೆಲೆಸಿದ್ದ ಆಂಟಿ ಹೊಸದಾಗಿ ಬಂದ ಕನ್ನಡದವರನ್ನೆಲ್ಲ ಏರ್‌ಪೋರ್ಟಿನಿಂದ ಕರೆತರುತ್ತಿದ್ದರು, ಕೋಟು ಕೊಡಿಸುತ್ತಿದ್ದರು, ಆಮೇಲೆ ಅವರ ಬದುಕನ್ನು ತಮ್ಮ ಸೆರಗಿಗೆ ಗಂಟು ಹಾಕಿಕೊಳ್ಳುತ್ತಿದ್ದರು. ಬಂದ ಹೊಸತರಲ್ಲಿ ನಾನು ಅಲ್ಲೇ ಇದ್ದೆ. ಫೋನ್ ಎತ್ತಿದರೆ ಮೇಲಿನ ಫೋನಿನಲ್ಲಿ ಇನ್ನೊಂದು ಉಸಿರು ಕೇಳುತ್ತಿತ್ತು. ಮೂವತ್ತು ದಾಟಿದ ಮದುವೆಯಾಗದ ಹೆಣ್ಣು ಎಂದರೆ ಆಂಟಿಗೆ ಒಲೆಯ ಮೇಲೆ ಬಿಟ್ಟುಹೋದ ಹಾಲು, ಯಾರಾದರೂ ಇಳಿಸಲೇಬೇಕು. ಪ್ರತಿ ಭಾನುವಾರ ಊಟಕ್ಕೆ ಒಬ್ಬ ಇಂಜಿನಿಯರ್ ಬರುತ್ತಿದ್ದ. ಆ ಪ್ರೀತಿಯಿಂದ ತಪ್ಪಿಸಿಕೊಂಡು ಓಡಿಬಂದವಳು ನಾನು. ಡೇಲ್‌ನ ಕೋಣೆ ಕೈತಪ್ಪಿದರೆ ಮತ್ತೆ ಅದೇ ಗತಿ, ಮತ್ತೆ ಅದೇ ಇಂಜಿನಿಯರುಗಳು. ಆ ಕೋಣೆಯ ಬೀಗದ ಕೈಯನ್ನು ನಾನು ಸ್ನಾನಕ್ಕೆ ಹೋದಾಗಲೂ ಜೊತೆಗಿಟ್ಟುಕೊಳ್ಳುತ್ತಿದ್ದೆ.

ಡೇಲ್‌ನ ಕಟ್ಟಳೆ ಮೊದಲ ದಿನವೇ ಹೊರಬಿತ್ತು. "ನನ್ನ ಅಡುಗೆಮನೆಯಲ್ಲಿ ಇಂಡಿಯನ್ ಕರಿ ವಾಸನೆ ಕೂಡದು. ಮಸಾಲೆ ಹುರಿಯೋದು ಬೇಡ. ಪರದೆಗೆಲ್ಲ ಹಿಡಿದುಬಿಡುತ್ತೆ."

ಅವನ ಹಿಂದೆ ಆ ಹಂಡೆ ಕುದಿಯುತ್ತಲೇ ಇತ್ತು. ಮನೆಯ ಪರದೆ, ಸೋಫಾ, ನಾಯಿಯೂ ಇಲ್ಲದ ಮನೆಯ ನಾಯಿಚಾಪೆ, ಎಲ್ಲವೂ ಆ ಕಹಿಯಲ್ಲಿ ನೆಂದು ಹೋಗಿದ್ದವು. ಅವನ ಕಷಾಯ ಸುವಾಸನೆ, ನನ್ನ ಒಗ್ಗರಣೆ ದುರ್ನಾತ! ಜಗಳ ಆಡಬೇಕೆಂದು ನಾಲಗೆ ತುದಿಗೆ ಬಂತು. ಬೀಗದ ಕೈ ನೆನಪಾಗಿ ನುಂಗಿಕೊಂಡೆ.

ಕೆಲವು ವಾರ ಬ್ರೆಡ್ಡು, ಮೊಸರು, ಬೇಯಿಸಿದ ಬೇಳೆ. ಆಮೇಲೆ ಒಂದು ವಿಷಯ ಗಮನಕ್ಕೆ ಬಂತು. ಶನಿವಾರ ಬೆಳಿಗ್ಗೆ ಅವನು ಏಲ್ ಕುದಿಸುವಾಗ ಅವನ ಮೂಗು ಸತ್ತಿರುತ್ತಿತ್ತು. ಒಂದು ಶನಿವಾರ ಧೈರ್ಯ ಮಾಡಿ ಅವನ ಹಂಡೆಯ ಪಕ್ಕದ ಒಲೆಯಲ್ಲೇ ಸಾಸಿವೆ ಸಿಡಿಸಿದೆ, ಇಂಗು ಹಾಕಿದೆ, ಒಣಮೆಣಸು ಮುರಿದು ಹಾಕಿದೆ. ಅವನು ತಿರುಗಿಯೂ ನೋಡಲಿಲ್ಲ. ಅಲ್ಲಿಂದ ಮುಂದೆ ಇಡೀ ವಾರದ ಹುಳಿ, ಪಲ್ಯ, ಗೊಜ್ಜಿನ ಒಗ್ಗರಣೆಯೆಲ್ಲ ಶನಿವಾರವೇ. ಅಮೆರಿಕದಲ್ಲಿ ನನ್ನ ಮೊದಲ ಗೆಲುವು ಇದು, ಕಳ್ಳಗೆಲುವು. ಹಾಸನದಲ್ಲಿ ಒಗ್ಗರಣೆ ಹಾಕಲು ಯಾರ ಮೂಗನ್ನೂ ಕಾಯಬೇಕಾಗಿರಲಿಲ್ಲ.

ಅವನ ಪಕ್ಕ ನಿಂತು ನಿಂತು ಅವನ ಕಸುಬೂ ಕಣ್ಣಿಗೆ ಬಿತ್ತು. ಬಾರ್ಲಿಯನ್ನು ಮೊಳಕೆ ಬರಿಸಿ ಒಣಗಿಸಿದ್ದು ಮಾಲ್ಟ್. ರಾಗಿ ಮಾಲ್ಟ್ ಕುಡಿದು ಬೆಳೆದ ನಮಗೆ ಇದೇನು ಹೊಸತಲ್ಲ. ಅದನ್ನು ಬಿಸಿನೀರಿನಲ್ಲಿ ನೆನೆಸಿ, ಸಿಹಿ ರಸ ಸೋಸಿ, ಆ ರಸಕ್ಕೆ ಹಾಪ್ಸ್ ಹಾಕಿ ಕುದಿಸುತ್ತಾನೆ. ಹಾಪ್ಸ್ ಎಂದರೆ ಒಂದು ಬಳ್ಳಿಯ ಹಸಿರು ಹೂ. ಒಂದು ಎಸಳು ಬಾಯಿಗೆ ಹಾಕಿಕೊಂಡೆ, ಹಾಗಲಕಾಯಿ ಅದರ ಮುಂದೆ ಹಲ್ವ. ಕುದಿದ ರಸವನ್ನು ಆರಿಸಿ, ಯೀಸ್ಟ್ ಸೇರಿಸಿ, ದೊಡ್ಡ ಬಿಳಿ ಬಕೆಟ್ಟಿಗೆ ಸುರಿದು ಮುಚ್ಚಳವನ್ನು ಒತ್ತಿ ಬಿಗಿಯುತ್ತಾನೆ. ಮುಚ್ಚಳದ ತೂತಿನಲ್ಲಿ ನೀರು ತುಂಬಿದ ಪುಟ್ಟ ನಳಿಕೆ. ಒಳಗಿನ ಗಾಳಿ ಗುಳುಗುಳು ಎಂದು ಹೊರಗೆ ಹೋಗುತ್ತದೆ, ಹೊರಗಿನದು ಒಳಗೆ ಬರುವಂತಿಲ್ಲ. ಅಮೆರಿಕದ ವೀಸಾ ಕಚೇರಿಯೂ ಇಂಥದ್ದೇ ನಳಿಕೆ ಇಟ್ಟುಕೊಂಡಿದೆ ಎಂದು ನನಗೆ ಅನ್ನಿಸಿತ್ತು, ಆದರೆ ಅವನಿಗೆ ಹೇಳಲಿಲ್ಲ.

ಇನ್ನು ಅವನ ಮಡಿ! ನಮ್ಮ ಅಜ್ಜಿ ಒದ್ದೆ ಸೀರೆಯಲ್ಲಿ ಒಲೆಯ ಮುಂದೆ ನಿಂತರೆ ನಾವು ಮಕ್ಕಳು ಹೊಸ್ತಿಲ ಆಚೆ ನಿಲ್ಲಬೇಕಿತ್ತು. ಆ ಅಜ್ಜಿಯಿಂದ ತಪ್ಪಿಸಿಕೊಂಡು ಅಷ್ಟು ಸಮುದ್ರ ದಾಟಿ ಬಂದರೆ ಇಲ್ಲಿ ಈ ಬಿಳಿಯ ಅಜ್ಜಿ. ಸೌಟು, ಕೊಳವೆ, ಬಕೆಟ್ಟು ಎಲ್ಲವನ್ನೂ ಬ್ಲೀಚ್ ನೀರಿನಲ್ಲಿ ಅದ್ದುತ್ತಿದ್ದ. ರಸ ಆರಿದ ಮೇಲೆ ಹತ್ತಿರ ಬಂದರೆ ಕೂಗಾಡುತ್ತಿದ್ದ: "ಮುಟ್ಟಬೇಡ! ಉಸಿರು ಬಿಡಬೇಡ ಅದರ ಮೇಲೆ!" ನನ್ನ ಉಸಿರೂ ಮೈಲಿಗೆ. ಅಜ್ಜಿಯಾದರೂ ಮಡಿ ಬಿಚ್ಚಿದ ಮೇಲೆ ಕರೆದು ಕೈತುತ್ತು ಹಾಕುತ್ತಿದ್ದಳು.

ಫೆಬ್ರವರಿಯ ಚಳಿಯಲ್ಲಿ ನನ್ನ ಇಡ್ಲಿ ಹಿಟ್ಟು ಹುದುಗಲೇ ಇಲ್ಲ. ಮಿಕ್ಸಿಯಲ್ಲಿ ರುಬ್ಬಿ ಇಟ್ಟದ್ದು ಇಟ್ಟಂತೆಯೇ, ಸಿಮೆಂಟಿನ ಹಾಗೆ. ಇಡೀ ಮನೆಯಲ್ಲಿ ಬೆಚ್ಚಗಿದ್ದದ್ದು ನೆಲಮಾಳಿಗೆಯಲ್ಲಿ ಬಿಸಿನೀರಿನ ಟ್ಯಾಂಕ್ ಇದ್ದ ಗೂಡಿನಂಥ ಕ್ಲಾಸೆಟ್ ಮಾತ್ರ. ಅದೇ ಡೇಲ್‌ನ ಬಕೆಟ್ಟಿನ ಜಾಗ. ಕೇಳಿದೆ. ಅವನು ಯೋಚಿಸಿ, ನೆಲಕ್ಕೆ ನೀಲಿ ಟೇಪು ಅಂಟಿಸಿ ಗೆರೆ ಎಳೆದ.

"ಈ ಕಡೆ ನಿನ್ನ ಕೊಳೆತ ಅಕ್ಕಿ, ಆ ಕಡೆ ನನ್ನ ಏಲ್. ಗೆರೆ ದಾಟಿದ್ರೆ ನೀನೂ ನಿನ್ನ ಅಕ್ಕಿಯೂ ಹೊರಗೆ."

ನಾನೂ ಹಟಕ್ಕೆ ಬಿದ್ದೆ. ಗೆರೆ ದಾಟುವುದಿರಲಿ, ಆ ಕಡೆ ಕಣ್ಣೂ ಹಾಯಿಸುವುದಿಲ್ಲ ಎಂದುಕೊಂಡೆ. ಮಾರನೆಯ ಬೆಳಿಗ್ಗೆ ಹಿಟ್ಟು ಪಾತ್ರೆಯ ಅಂಚಿನವರೆಗೆ ಉಬ್ಬಿತ್ತು. ಇಡ್ಲಿ ಬೇಯಿಸಿ, ಹಾಸಿಗೆಯ ಮೇಲೆ ಕೂತು, ಚಟ್ನಿಪುಡಿಯ ಜೊತೆ ತಿನ್ನುತ್ತಾ ಅತ್ತುಬಿಟ್ಟೆ. ಒಂಟಿತನಕ್ಕೆ ಅಳು ಬಂದಿರಲಿಲ್ಲ. ಇಡ್ಲಿ ಮೆತ್ತಗಾದದ್ದಕ್ಕೆ ಬಂತು.

ಕಳ್ಳ ಒಗ್ಗರಣೆಯ ಬೆಲೆ ಬೇರೆ ಕಡೆ ತೆರಬೇಕಾಯಿತು. ಎಲಿಕಾಟ್ ಸಿಟಿಯಲ್ಲಿ ಆಂಟಿಯ ಮನೆಯ ಸತ್ಯನಾರಾಯಣ ಪೂಜೆಗೆ ರೇಷ್ಮೆ ಸೀರೆ ಉಟ್ಟು ಹೋದೆ. ನಾನು ಕೆಲಸ ಮಾಡುತ್ತಿದ್ದ ಲ್ಯಾಬಿನಲ್ಲಿ ಜೊತೆಯವರು ನನ್ನ ಕೋಟು ಇಂಗು ನಾರುತ್ತದೆ ಎಂದು ಕುರ್ಚಿ ಸರಿಸುತ್ತಿದ್ದರು. ಇಲ್ಲಿ ಆಂಟಿ ಅಪ್ಪಿಕೊಂಡವರು ಹಾಗೇ ಹಿಂದೆ ಸರಿದರು.

"ಏನೇ ಶಶಿ, ಸೀರೆಯೆಲ್ಲ ಬಿಯರ್ ಸ್ಮೆಲ್ ಬರ್ತಿದೆ?"

"ಮನೆ ಓನರ್ ಬ್ರೂ ಮಾಡ್ತಾನೆ ಆಂಟಿ. ನಾನು ಮುಟ್ಟೋದೂ ಇಲ್ಲ."

"ಮುಟ್ಟೋದು ಬಿಡೋದು ಬೇರೆ ವಿಷಯ ಕಣೆ. ವಾಸ್ನೆ ಬಂದ್ರೆ ಸಾಕು, ಜನಕ್ಕೆ ಮಾತಾಡೋಕೆ. ನೋಡು, ನಮ್ಮ ಬೇಸ್‌ಮೆಂಟ್ ಖಾಲಿ ಇದೆ. ಸುಮ್ನೆ ಮೂವ್ ಮಾಡ್ಬಿಡು."

ಅದೇ ಹೊತ್ತಿಗೆ ಅದೇ ಬೇಸ್‌ಮೆಂಟಿನಿಂದ ಅಂಕಲ್‌ಗಳ ನಗು ಮೇಲಕ್ಕೆ ಬಂತು. ಅಲ್ಲಿ ಅವರು ಸ್ಟೀಲ್ ಲೋಟದಲ್ಲಿ ಸ್ಕಾಚ್ ಕುಡಿಯುತ್ತಿದ್ದರು. ಸ್ಟೀಲ್ ಲೋಟವಾದರೆ ಮಕ್ಕಳಿಗೆ ಕಾಣುವುದಿಲ್ಲವಂತೆ. ಬಾಯಲ್ಲಿದ್ದ ಪ್ರಸಾದವನ್ನು ನುಂಗಿದೆ. ಅಷ್ಟರಲ್ಲಿ ನಾಲ್ಕು ಹೆಂಗಸರಿಗೆ ಸುದ್ದಿ ಮುಟ್ಟಿತ್ತು: ಶಶಿ ಮನೆಯಲ್ಲೇ ಹೆಂಡ ಕಾಯಿಸುತ್ತಾಳೆ.

ಮಾರ್ಚಿನಲ್ಲಿ ಡೇಲ್ ತನ್ನ ಬಿಯರ್ ಗೆಳೆಯರ ಸ್ಪರ್ಧೆಗೆಂದು ವಿಶೇಷವಾಗಿ ಒಂದು ಬಕೆಟ್ಟು ಏಲ್ ಇಟ್ಟು, ಮಾರನೆಯ ದಿನವೇ ಅಟ್ಲಾಂಟಾದ ಮಗಳ ಮನೆಗೆ ಹೊರಟ. ಮೂರು ವಾರ ಬರುವುದಿಲ್ಲ ಎಂದ. ಹೋಗುವಾಗ ಬಕೆಟ್ಟಿಗೆ ಹೇಳಿದಷ್ಟು ಹೊತ್ತು ನನಗೆ ಹೋಗಿಬರುತ್ತೇನೆ ಎನ್ನಲಿಲ್ಲ. ಅವನು ಹೋದ ದಿನವೇ ಆಂಟಿ ಹೇಳದೆ ಕೇಳದೆ ಬಂದರು. ಕೈಯಲ್ಲಿ ಕೋಡುಬಳೆ ಡಬ್ಬಿ, ಕಣ್ಣಿನಲ್ಲಿ ಪೊಲೀಸು. ನಾನು ಮೇಲೆ ಕಾಫಿ ಮಾಡುತ್ತಿದ್ದರೆ "ನಿನ್ನ ರೂಮ್ ನೋಡ್ತೀನಿ" ಎಂದು ಕೆಳಗಿಳಿದು ಹೋದರು. ಬಂದವರ ಮುಖ ಅರಳಿತ್ತು. ಕಾಫಿ ಕುಡಿದು, ಎಂದೂ ಇಲ್ಲದ ಹಾಗೆ ನನ್ನ ಕೆನ್ನೆ ತಟ್ಟಿ ಹೋದರು. ನನಗೆ ಏನೂ ತಿಳಿಯಲಿಲ್ಲ. ಆ ವಾರಗಳಲ್ಲಿ ಲ್ಯಾಬಿನ ಕೆಲಸ ವಿಪರೀತವಾಗಿ ನಾನು ಹಿಟ್ಟು ರುಬ್ಬಲೂ ಇಲ್ಲ, ಕ್ಲಾಸೆಟ್ ಬಾಗಿಲು ತೆರೆಯಲೂ ಇಲ್ಲ.

ಡೇಲ್ ಬಂದವನು ಪೆಟ್ಟಿಗೆ ಇಳಿಸುವ ಮೊದಲೇ ಕ್ಲಾಸೆಟ್ಟಿಗೆ ಹೋದ. ಆಮೇಲೆ ಕೇಳಿದ ಕೂಗನ್ನು ನಾನು ಬರೆಯುವಂತಿಲ್ಲ. ಏಲ್ ಹುಳಿಯಾಗಿತ್ತು.

"ನಿನ್ನ ಕೊಳೆತ ಅಕ್ಕಿ! ಅದನ್ನ ಇಲ್ಲಿಡೋಕೆ ಬಿಟ್ಟಿದ್ದೇ ತಪ್ಪು. ತಿಂಗಳ ಕೊನೆಗೆ ರೂಮ್ ಖಾಲಿ ಮಾಡು."

ತಿಂಗಳ ಕೊನೆ ಎಂದರೆ ಅದೇ ವಾರ. ನನಗೆ ಭಾನುವಾರದ ಇಂಜಿನಿಯರುಗಳೆಲ್ಲ ಸಾಲಾಗಿ ಕಣ್ಣ ಮುಂದೆ ಬಂದರು. ಕೋಪ ನೆತ್ತಿಗೇರಿತು. ಮೊದಲ ಬಾರಿಗೆ ಗೆರೆ ದಾಟಿ ಹೋಗಿ ಬಕೆಟ್ಟಿಗೆ ಮೂಗಿಟ್ಟೆ. ಹುಳಿ ಎಂದರೆ ಒಂದೇ ಹುಳಿಯೇ? ಹಿಟ್ಟಿನ ಹುಳಿ ಬೇರೆ, ಮೊಸರಿನದು ಬೇರೆ, ಹುಣಿಸೆಯದು ಬೇರೆ. ಇದು ಮೂಗಿಗೆ ಚುಚ್ಚುವ ವಿನೆಗರ್.

"ಡೇಲ್, ಕಹಿ ಯಾಕೆ ಹಾಕ್ತಾರೆ ಅಂತ ನೀನೇ ನಂಗೆ ಪಾಠ ಮಾಡಿದ್ದೆ. ಹಡಗಿನಲ್ಲಿ ಕೆಡದೆ ಇರ್ಲಿ ಅಂತ, ಹಾಪ್ಸ್ ಇದ್ರೆ ಮೊಸರಿನ ಜಾತಿಯ ಕ್ರಿಮಿ ಬದುಕಲ್ಲ ಅಂತ. ನನ್ನ ಹಿಟ್ಟಿನಲ್ಲಿರೋದು ಅದೇ ಜಾತಿ. ನಿನ್ನ ಕಹಿಯಲ್ಲಿ ಅದು ಉಳಿಯಲ್ಲ. ಬ್ಯಾಕ್ಟೀರಿಯಾ ಬೆಳೆಸೋದೇ ನನ್ನ ಕೆಲಸ. ಇದು ವಿನೆಗರ್ ಆಗಿದೆ, ಗಾಳಿ ಆಡಿ ಆಗಿದೆ."

ಅವನಿಗೆ ತನ್ನ ಪಾಠ ನೆನಪಿತ್ತು. ತಾನೂ ಬಗ್ಗಿ ಮೂಸಿ ನೋಡಿ ಕೇಳಿದ: "ಹಾಗಾದ್ರೆ ಮುಚ್ಚಳ ತೆಗೆದೋರು ಯಾರು? ಈ ಮನೇಲಿ ಇದ್ದವಳು ನೀನೊಬ್ಬಳೇ."

ಆಗ ಮುಚ್ಚಳ ನೋಡಿದೆ. ನಳಿಕೆಯನ್ನು ಕಿತ್ತು, ಒರೆಸಿ, ಶೆಲ್ಫಿನ ಮೇಲೆ ಇಟ್ಟಿತ್ತು. ಮುಚ್ಚಳ ತೆರೆದೂ ಇರಲಿಲ್ಲ, ಮುಚ್ಚಿಯೂ ಇರಲಿಲ್ಲ. ಒಂದು ಬದಿ ಮಾತ್ರ ಮೇಲೆದ್ದು, ಎರಡು ಬೆರಳಿನಷ್ಟು ಓರೆ. ನಮ್ಮ ಮನೆಗಳಲ್ಲಿ ಹುದುಗುವ ಹಿಟ್ಟಿನ ಮೇಲೆ ತಟ್ಟೆ ಇಡುವುದು ಹೀಗೆಯೇ. ಮೇರಿಲ್ಯಾಂಡಿನಲ್ಲಿ ಈ ಓರೆ ಬರುವುದು ಒಂದು ಬಗೆಯ ಕೈಗಳಿಗೆ ಮಾತ್ರ. ಕೋಡುಬಳೆ ಡಬ್ಬಿ ನೆನಪಾಯಿತು.

ಮೇಲೆ ಹೋಗಿ ಆಂಟಿಗೆ ಫೋನ್ ಮಾಡಿದೆ.

"ಆ ದೊಡ್ಡ ಬಕೆಟ್ಟಾ? ಹೂಂ ಕಣೆ, ನಾನೇ ಸಡಿಲ ಮಾಡ್ದೆ. ಪಾಪ, ಬೆಳ್ಳಗೆ ನೊರೆ ಬಂದು, ಉಸಿರು ಕಟ್ಕೊಂಡು ಗುಳುಗುಳು ಅಂತಿತ್ತು. ಅಷ್ಟು ಬಿಗಿಯಾಗಿ ಮುಚ್ಚಿದ್ರೆ ಹಿಟ್ಟು ಹೇಗೆ ಉಬ್ಬುತ್ತೆ? ಅಮ್ಮ ಹೇಳ್ಕೊಡ್ಲಿಲ್ವಾ?" ಆಂಟಿಯ ದನಿ ಜೇನಿನಂತಿತ್ತು. "ನಂಗೆ ಎಷ್ಟು ಸಮಾಧಾನ ಆಯ್ತು ಗೊತ್ತಾ? ಎಲ್ರಿಗೂ ಫೋನ್ ಮಾಡಿ ಹೇಳ್ದೆ. ಶಶಿ ಮನೇಲಿ ಇರೋದು ಬರೀ ದೋಸೆ ಹಿಟ್ಟು, ನೀವು ಸುಮ್ನೆ ಹುಡುಗಿ ಮೇಲೆ ಇಲ್ಲದ್ದು ಹೇಳ್ಬೇಡಿ ಅಂತ."

ಬಿಯರ್ ಹಿಡಿಯಲು ಬಂದ ಆಂಟಿ ಬಿಯರನ್ನೇ ಹಿಟ್ಟು ಎಂದುಕೊಂಡು, ಅದಕ್ಕೆ ಉಸಿರಾಡಲು ಜಾಗ ಮಾಡಿಕೊಟ್ಟು, ನನ್ನ ಮಾನ ಉಳಿಸಿ ಹೋಗಿದ್ದರು. ಸುಮ್ಮನೆ ಫೋನ್ ಇಟ್ಟಿದ್ದರೆ ಕನ್ನಡದವರ ನಡುವೆ ನಾನು ಅಪ್ಪಟ ಚಿನ್ನ. ಆದರೆ ಕೋಣೆ ಹೋಗುತ್ತಿತ್ತು. ಆ ಚಿನ್ನವನ್ನು ಆಂಟಿಯ ಬೇಸ್‌ಮೆಂಟಿನಲ್ಲಿಯೇ ಇಟ್ಟುಕೊಳ್ಳಬೇಕಿತ್ತು. ಕೋಣೆ ಬೇಕೆಂದರೆ ಡೇಲ್‌ಗೆ ಆಂಟಿಯ ಹೆಸರು ಹೇಳಬೇಕು, ಅವನು ಫೋನ್ ಮಾಡಿ ಕೇಳಿದರೆ ಒಪ್ಪಿಕೊಳ್ಳಲಿ ಎಂದು ಆಂಟಿಗೆ ಅದು ನಿಜವಾಗಿ ಏನೆಂದು ಹೇಳಬೇಕು.

"ಆಂಟಿ, ಅದು ಹಿಟ್ಟಲ್ಲ. ಅದು ಬಿಯರು. ನೀವು ಮುಚ್ಚಳ ತೆಗೆದದ್ದಕ್ಕೆ ಕೆಟ್ಟುಹೋಯ್ತು. ನನ್ನನ್ನ ಮನೆಯಿಂದ ಹೊರಗೆ ಹಾಕ್ತಿದಾನೆ."

"ನನ್ನ ಕೈಯಲ್ಲಿ ಮುಟ್ಟಿಸಿದೆಯಲ್ಲೇ," ಎಂದರು ಆಂಟಿ. "ನಾನೇ ಎಲ್ರಿಗೂ ಸುಳ್ಳು ಹೇಳಿದ ಹಾಗಾಯ್ತಲ್ಲ." ಹೊರಗೆ ಹಾಕುತ್ತಿದ್ದಾನೆ ಎಂದ ಮಾತು ಅವರಿಗೆ ಕೇಳಿಸಿಯೇ ಇರಲಿಲ್ಲ. "ನೋಡು ಶಶಿ, ನಮ್ಮನೇಲಿ ಪೂಜೆ ಪುನಸ್ಕಾರ ನಡೆಯುತ್ತೆ. ಬೇಸ್‌ಮೆಂಟ್ ವಿಷಯ ಇನ್ನು ಮರೆತುಬಿಡು." ಫೋನ್ ಇಟ್ಟರು. ಅಲ್ಲಿಂದಾಚೆ ನನ್ನನ್ನು ಹಬ್ಬಕ್ಕೆ ಕರೆದವರಿಲ್ಲ. ಸ್ಟೀಲ್ ಲೋಟಗಳು ಮಾತ್ರ ಮೊದಲಿನಂತೆಯೇ ತುಂಬುತ್ತಿದ್ದಿರಬೇಕು.

ಹೀಗೆ ಒಂದು ಛಾವಣಿ ಹೋಯಿತು. ಇನ್ನೊಂದು ಉಳಿಯುತ್ತದೆಯೋ ನೋಡೋಣವೆಂದು ಕೆಳಗಿಳಿದೆ. ಡೇಲ್ ಮೆಟ್ಟಿಲ ಮೇಲೆ ಕೂತಿದ್ದ. ಇದ್ದದ್ದನ್ನು ಇದ್ದಹಾಗೆ ಹೇಳಿದೆ. ನನ್ನನ್ನು ನೋಡಲು ಬಂದವರು ಮಾಡಿದ್ದು, ಅದಕ್ಕೆ ಉಸಿರು ಕಟ್ಟುತ್ತಿದೆ ಎಂದು ಪಾಪ ಅನ್ನಿಸಿ ಮಾಡಿದ್ದು ಎಂದೆ.

"ಉಸಿರು ಕಟ್ಟುತ್ತಿದೆ ಅಂತಲಾ?" ಡೇಲ್ ಬಕೆಟ್ಟನ್ನು ನೋಡುತ್ತಾ ಹೇಳಿದ. "ಆ ಸದ್ದೇ ಅದರ ಉಸಿರಾಗಿತ್ತು."

ಅವನು ಕ್ಷಮಿಸಿದ ಎಂದು ತಿಳಿಯಬೇಡಿ. ಶನಿವಾರ ಹೊಸ ಬಕೆಟ್ಟು ಇಡಬೇಕು, ಸ್ಪರ್ಧೆಗೆ ಇನ್ನೂ ಹೊತ್ತಿದೆ, ಕೆಡಿಸಿದವರ ಕಡೆಯವಳಾದ್ದರಿಂದ ಕೆಲಸ ನಾನೇ ಮಾಡಬೇಕು, ಮಾಡಿದರೆ ಕೋಣೆ ಇರುತ್ತದೆ ಎಂದ. ಬೇಸ್‌ಮೆಂಟಿಗೆ ಇನ್ನು ಮುಂದೆ ಅತಿಥಿಗಳು ಬರಕೂಡದು ಎಂದೂ ಸೇರಿಸಿದ. ಆ ಕಟ್ಟಳೆಯ ಅಗತ್ಯವಿರಲಿಲ್ಲ; ಬರುವವರೇ ಇರಲಿಲ್ಲ.

ಶನಿವಾರ ಹಂಡೆಯ ಮುಂದೆ ನಿಂತೆ. ಸೌಟು ನನ್ನದು, ಬೈಗುಳ ಅವನದು. ಹಾಪ್ಸ್ ಹಾಕುವಾಗ ಅವನು ಹೇಳಿದ ಅಳತೆ ಹಾಕಿದೆ. ಬೇಸ್‌ಮೆಂಟ್ ಮರೆತುಬಿಡು ಎಂಬ ಆಂಟಿಯ ಮಾತು ನೆನಪಾಯಿತು, ಇನ್ನೊಂದು ಹಿಡಿ ಹಾಕಿದೆ. ನಿಮ್ಮ ದೇಶದ್ದೇ ಎಂದು ಮೊದಲ ದಿನ ಅವನು ಅಂದದ್ದು ನೆನಪಾಗಿ ಮತ್ತೊಂದು. ಅವನು ನೋಡಿದ, ತಡೆಯಲಿಲ್ಲ. ಪಕ್ಕದ ಒಲೆಯಲ್ಲಿ ನನ್ನ ಒಗ್ಗರಣೆ ಚಟಪಟ ಎನ್ನುತ್ತಿತ್ತು. ಅವನು ಅದನ್ನೂ ನೋಡಿದ. ಇಷ್ಟು ದಿನ ಅವನಿಗೆ ಗೊತ್ತಿತ್ತೋ ಏನೋ.

ಸ್ಪರ್ಧೆಯಲ್ಲಿ ಆ ಏಲ್‌ಗೆ ಏನೂ ಬರಲಿಲ್ಲ. ಕಹಿ ಹೆಚ್ಚಾಯಿತು, ಕುಡಿಯಲು ಕಷ್ಟ ಎಂದರಂತೆ. ಡೇಲ್ ಒಂದು ವಾರ ಮುಖ ಊದಿಸಿಕೊಂಡಿದ್ದ. ನನಗೆ ಮಾತ್ರ ಒಳಗೊಳಗೇ ಹಿತವಾಯಿತು. ಇಂಡಿಯಾ ಎಂದು ಹೆಸರಿಟ್ಟ ಮೇಲೆ ಒಂದು ಸಲವಾದರೂ ಇಂಡಿಯಾದ ಕೈ ಹೇಗಿರುತ್ತದೆಂದು ನೋಡಬೇಡವೇ?

ಕೆಲಸ ಬದಲಾಗಿ ಉತ್ತರ ಕೆರೊಲಿನಾದ ರಿಸರ್ಚ್ ಟ್ರಯಾಂಗಲ್ ಪಾರ್ಕಿಗೆ ಹೊರಟಾಗ ಡೇಲ್ ಒಂದು ಹಳೆಯ ಬಕೆಟ್ಟು, ನಳಿಕೆ ತಂದು ಕಾರಿನಲ್ಲಿಟ್ಟ. "ಗೀರು ಬಿದ್ದಿದೆ, ಅದರಲ್ಲಿ ಕ್ರಿಮಿ ಕೂತ್ಕೊಳ್ಳುತ್ತೆ, ಏಲ್‌ಗೆ ಬರಲ್ಲ. ನಿನ್ನ ಕೊಳೆತ ಅಕ್ಕಿಗೆ ಆಗುತ್ತೆ." ಕೊಡುವಾಗಲೂ ಚುಚ್ಚದೆ ಬಿಡಲಿಲ್ಲ. ಹಟಕ್ಕೆ ನಾನು ಅದರಲ್ಲಿ ಏಲನ್ನೇ ಮಾಡುತ್ತೇನೆ. ಕುಡಿಯುವುದು ನಾಲ್ಕು ಗುಟುಕು; ಇವತ್ತಿಗೂ ಮುಖ ಸಿಂಡರಿಸಿಕೊಂಡೇ ಕುಡಿಯುತ್ತೇನೆ. ಅಪಾರ್ಟ್‌ಮೆಂಟು ನನ್ನದೇ ಹೆಸರಿನಲ್ಲಿದೆ, ಸಾಸಿವೆ ಯಾವ ವಾರ ಬೇಕಾದರೂ ಸಿಡಿಯುತ್ತದೆ. ಉಣ್ಣಲು ಕರೆಯುವವರಿಲ್ಲ, ಕರೆಯಲೂ ಯಾರಿಲ್ಲ. ಕ್ಲಾಸೆಟ್ಟಿನಲ್ಲಿ ಹಿಟ್ಟು ಮತ್ತು ಏಲ್ ಅಕ್ಕಪಕ್ಕ ಇವೆ, ನಡುವೆ ಟೇಪಿಲ್ಲ.

ಕಳೆದ ರಜೆಯಲ್ಲಿ ಹಾಸನಕ್ಕೆ ಹೋಗಿದ್ದೆ. ಅಕ್ಕ ದೋಸೆಗೆ ರುಬ್ಬಿ, ಪಾತ್ರೆಯ ಮೇಲೆ ತಟ್ಟೆಯನ್ನು ಓರೆಯಾಗಿ ಇಟ್ಟಿದ್ದಳು. ಅಡುಗೆಮನೆ ದಾಟುವಾಗ ನನ್ನ ಕೈ ತಾನಾಗಿಯೇ ಹೋಗಿ ಆ ತಟ್ಟೆಯನ್ನು ಒತ್ತಿ ಬಿಗಿಯಾಗಿ ಮುಚ್ಚಿತು.

"ಯಾಕೆ ಹಂಗೆ ಅದುಮ್ತೀಯೆ? ಉಸಿರು ಕಟ್ಟುತ್ತೆ ಬಿಡು," ಎಂದು ಅಕ್ಕ ನನ್ನ ಕೈ ಸರಿಸಿ ತಟ್ಟೆಯನ್ನು ಮತ್ತೆ ಓರೆ ಮಾಡಿದಳು.

ಕೆರೊಲಿನಾಕ್ಕೆ ವಾಪಸು ಬಂದು ಹೊಸ ಬಕೆಟ್ಟು ಇಟ್ಟೆ. ಬೆಳಿಗ್ಗೆ ಕ್ಲಾಸೆಟ್ ತೆರೆದರೆ ಗುಳುಗುಳು ಎನ್ನುತ್ತಿತ್ತು. ಪಾಪ ಎನ್ನಿಸಿ ಸಡಿಲ ಮಾಡಲು ಕೈ ಮುಚ್ಚಳದ ಅಂಚಿಗೆ ಹೋಯಿತು. ಹಾಸನದಲ್ಲಿ ಅಕ್ಕ ಇದ್ದಳು, ಕೈ ಸರಿಸಿದಳು. ಇಲ್ಲಿ ಒಂದು ಕೈಯನ್ನು ನಾನೇ ಇನ್ನೊಂದು ಕೈಯಿಂದ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತಿದ್ದೆ.